ಗುಡ್ಡದ ಮಣ್ಣು, ಗುಂಡಿಯ ಮಣ್ಣು

ಟೇಬಲ್ ಮೇಲಿದ್ದ ಚೀಲಗಳಲ್ಲಿ ಒಂದರ ಬಾಯಿಯ ದಾರ ಬಿಚ್ಚಿ ಗುರುಪುತ್ರಪ್ಪ ಒಳಗಿನ ಮಣ್ಣನ್ನು ಹಳೆಯ ಪೇಪರಿನ ಮೇಲೆ ಸುರುವಿದರು. ಇಟ್ಟಿಗೆ ಬಣ್ಣದ ಕೆಂಪು ಮಣ್ಣು. ಅಂಗೈಯಿಂದ ಹರವುವಾಗ ಏನೋ ಚುಚ್ಚಿತು.

ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕಡಲೆಕಾಳಿನಷ್ಟು ದೊಡ್ಡ ಚೂರು. ಒಂದು ಬದಿ ಕೆಂಪಗಿತ್ತು, ಇನ್ನೊಂದು ಬದಿ ಸುಟ್ಟು ಕರ್ರಗಾಗಿತ್ತು.

“ಇದೇನ್ರಿ ಚೇತನ?”

ಗೋಡಂಬಿ ಕಾರ್ಖಾನೆಯ ಮ್ಯಾನೇಜರ್ ಚೇತನ ಬಗ್ಗಿ ನೋಡಿದ. “ಹರಳ ಇರಬೇಕ್ರಿ ಸರ. ಗುಡ್ಡದ ಮಣ್ಣಾಗ ಇರ್ತಾವ.”

“ಹರಳಲ್ಲ. ಸುಟ್ಟ ಇಟ್ಟಂಗಿ ಚೂರು. ಗುಡ್ಡದ ಮ್ಯಾಲೆ ಇಟ್ಟಂಗಿ ಯಾರು ಸುಟ್ರು?”

ಚೇತನ ಆ ಚೂರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

ಈ ಕಾರ್ಖಾನೆಗಾಗಿ ತೋಟಗಳ ಮಣ್ಣು ಅಳೆಯುತ್ತಿದ್ದ ಕಲ್ಮೇಶ ಖಾನಾಪುರದ ಬಳಿಯ ಒಂದು ಹಾಳು ಇಟ್ಟಂಗಿ ಭಟ್ಟಿಯ ನೀರುಗುಂಡಿಯಲ್ಲಿ ಹೆಣವಾಗಿ ಸಿಕ್ಕು ತಿಂಗಳಾಗಿತ್ತು. ಕಾಲು ಜಾರಿ ಬಿದ್ದ ಸಾವು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ನಂಬದ ಹೆಂಡತಿ ಪ್ರಮಿಳಾ, ಬೆಳಗಾವಿಯ ಶಿವಬಸವ ನಗರದಲ್ಲಿ ನಿವೃತ್ತಿಯ ದಿನ ಕಳೆಯುತ್ತಿದ್ದ ಇನ್ಸ್‌ಪೆಕ್ಟರ್ ಗುರುಪುತ್ರಪ್ಪನವರ ಬಾಗಿಲು ತಟ್ಟಿದ್ದಳು.

“ಮತ್ತೊಮ್ಮೆ ಹೇಳ್ರಿ,” ಎಂದರು ಗುರುಪುತ್ರಪ್ಪ. “ಕಲ್ಮೇಶ ಅಳೀತಿದ್ದದ್ದು ಏನು? ನನ್ನಂಥವನಿಗೆ ತಿಳಿಯೂವಂಗ ಹೇಳ್ರಿ.”

ಚೇತನ ಕುರ್ಚಿಯ ಬೆನ್ನಿಗೆ ಕೈ ಊರಿದ. “ನಮ್ಮ ಗೋಡಂಬಿ ಹಾಲೆಂಡಿಗೆ ಹೋಗ್ತೈತ್ರಿ. ಹೋದ ವರ್ಷದಿಂದ ಅವ್ರದು ಹೊಸಾ ಕೇಳಿಕಿ. ನಿಮ್ಮ ಗೋಡಂಬಿ ಬೆಳಿಯೂ ಭೂಮಿಯಿಂದ ಎಷ್ಟು ಇಂಗಾಲ ಗಾಳಿಗೆ ಹೋಗೇತಿ, ಅಳದು ವರದಿ ಕೊಡ್ರಿ ಅಂತಾರ. ಗಿಡದಾಗ ಇಂಗಾಲ ಇರ್ತೈತಿ, ಮಣ್ಣಾಗೂ ಇರ್ತೈತಿ. ಅಡವಿ ಕಡದು ಸುಟ್ರ ಅದೆಲ್ಲಾ ಹೊಗಿ ಆಗಿ ಮ್ಯಾಲೆ ಹೋಗಿ ಭೂಮಿ ಕಾವು ಏರಸ್ತೈತಂತ. ಇಪ್ಪತ್ತು ವರ್ಷದೊಳಗ ಅಡವಿ ಕಡದು ತ್ವಾಟ ಮಾಡಿದ್ರ, ಆ ಹೊಗಿ ಅಷ್ಟೂ ನಮ್ಮ ಗೋಡಂಬಿ ಲೆಕ್ಕಕ್ಕ ಹಚ್ಚತಾರ.”

“ಹಚ್ಚಿದ್ರ?”

“ಬ್ಯಾರೆ ಕಡೆ ಕೊಳ್ಳತಾರ್ರಿ.”

“ಕಲ್ಮೇಶನ ಊರು ಕರೆಪ್ಪನ ದಡ್ಡಿ. ಅಲ್ಲಿ ಗೋಡಂಬಿ ಗುಡ್ಡ ಮೊದಲಿಂದಲೂ ಬೋಳು ಅಂತ ನೀವು ಹೇಳೀರಿ.”

“ದಡ್ಡಿ ಜನ ನಮಗ ಹಂಗ ಹೇಳಿದ್ರು, ನಾವು ಅವ್ರಿಗೆ ಹಂಗ ತಿಳಿಸಿದ್ವಿ. ಬಾಯಿಮಾತು ನಡಿಯೂದಿಲ್ಲ, ಮಣ್ಣು ತೋರಸ್ರಿ ಅಂದ್ರು. ಬೋಳು ಗುಡ್ಡ ಆದ್ರ ಮಣ್ಣು ಕೆಂಪು. ಎಲಿ ಉದುರಿ ಕೊಳತ ಅಡವಿ ಮಣ್ಣು ಆದ್ರ ಕರಿ. ಅದಕ್ಕ ಕಲ್ಮೇಶನ್ನ ಕಳಿಸಿದ್ವಿ. ಈ ವಾರ ಹಾಲೆಂಡಿನ ಮನಶಾ ಬರ್ತಾನ. ಅವನ ಮುಂದ ಈ ಚೀಲಕ್ಕೆಲ್ಲಾ ಮುದ್ರಿ ಬಿದ್ದು ಪುಣೆ ಲ್ಯಾಬಿಗೆ ಹೋಗಬೇಕ್ರಿ.”

“ಇವನ್ನ ಇಲ್ಲಿ ತಂದಿಟ್ಟವರು ಯಾರು?”

“ಕಲ್ಮೇಶನ ಇರಬೇಕ್ರಿ. ಹೆಣ ಸಿಕ್ತಲ್ಲ, ಅವತ್ತ ಮುಂಜಾನೆ ನಾ ಬಾಗಲಾ ತಗದಾಗ ಟೇಬಲ್ ಮ್ಯಾಲೆ ಇದ್ದವು. ಈ ಖೋಲಿ ಕೀಲಿ ಅವನ ಹತ್ರ ಒಂದು, ನನ್ನ ಹತ್ರ ಒಂದು.”

ಹೆಣದ ಕಿಸೆಯಲ್ಲಿ ಕೀಲಿ ಇರಲಿಲ್ಲ. ಪಂಚನಾಮೆ ಮಾಡಿದ ಹವಾಲ್ದಾರನೇ ಗುರುಪುತ್ರಪ್ಪನವರಿಗೆ ಅದನ್ನು ಹೇಳಿದ್ದ. ಅವರು ಆ ಮಾತು ಎತ್ತಲಿಲ್ಲ. ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

“ದಡ್ಡಿಗೆ ಹೋಗಬೇಕಲ್ಲ.”

“ನಮ್ಮ ಜೀಪ್ ತಗೊಂಡು ಹೋಗ್ರಿ ಸರ. ಕಲ್ಮೇಶನ ತಮ್ಮ ಬೀರೇಶ ಅದರ ಡ್ರೈವರ್ ಅದಾನ.” ಚೇತನ ಸ್ವಲ್ಪ ತಡೆದು ಹೇಳಿದ: “ಕಲ್ಮೇಶ ಭಾಳ ಛಲೋ ಹುಡುಗ ಇದ್ದ. ಈ ಕೆಲಸಕ್ಕ ಅವನ್ನ ನಾನ ಆರಿಸಿದೆ. ತಮ್ಮ ಊರ ಹುಡುಗ ಅಂದ್ರ ಜನ ಮಾತಾಡ್ತಾರ ಅಂದ್ಕೊಂಡೆ. ಬ್ಯಾರೆಯವರನ್ನ ಕಳಿಸಿದ್ರ...”

ಆ ದುಃಖ ನಿಜವೋ ನಟನೆಯೋ ಎಂದು ಗುರುಪುತ್ರಪ್ಪ ಅವನ ಮುಖ ನೋಡಿದರು. ಗೊತ್ತಾಗಲಿಲ್ಲ.

ಗೇಟಿನ ಹೊರಗೆ ಪ್ರಮಿಳಾ ಕಾದಿದ್ದಳು. ಬೋಳು ಹಣೆ, ಕೈಯಲ್ಲಿ ಸಾಲಿ ಮಕ್ಕಳ ಪುಸ್ತಕ ಒಯ್ಯುವ ಚೀಲ. ಖಾಸಬಾಗದ ಕನ್ನಡ ಸಾಲಿಯಲ್ಲಿ ಅವಳು ಮಾಸ್ತರಿಣಿ. ತಾನೂ ಬರುತ್ತೇನೆಂದು ಹಟ ಹಿಡಿದಳು.

“ಕುಂದರ್ರಿ ವೈನಿ,” ಎಂದು ಬೀರೇಶ ಹಿಂದಿನ ಬಾಗಿಲು ತೆಗೆದ. ಇಪ್ಪತ್ತಾರರ ಹುಡುಗ. ಅಣ್ಣನ ಮುಖವೇ, ಆದರೆ ಕಣ್ಣು ಕೆಳಗೆ. ಅತ್ತಿಗೆ ಬಿಸಿಲಿಗೆ ಕೂರಬಾರದೆಂದು ಪರದೆ ಬಿಟ್ಟು ಕಟ್ಟಿದ.

ಗೋವಾ ರಸ್ತೆಯಲ್ಲಿ ಜೀಪು ಓಡಿತು. ಖಾನಾಪುರ ಹತ್ತಿರವಾದಂತೆ ಎರಡೂ ಬದಿಗೆ ಇಟ್ಟಂಗಿ ಭಟ್ಟಿಗಳು, ಹಂಚಿನ ಕಾರ್ಖಾನೆಯ ಚಿಮಣಿಗಳು. ಅಲ್ಲಲ್ಲಿ ಹಸಿ ಇಟ್ಟಂಗಿ ಸಾಲು ಸಾಲಾಗಿ ಬಿಸಿಲಿಗೆ ಒಣಗುತ್ತಿತ್ತು.

“ಅಣ್ಣ ಸಿಕ್ಕ ಗುಂಡಿ ಹತ್ರ ನಿಲ್ಲಸಪಾ ತಮ್ಮಾ.”

“ಅಲ್ಲೇನೈತ್ರಿ ಸಾಹೇಬ್ರ? ಪೊಲೀಸ್ರು ಎಲ್ಲಾ ನೋಡ್ಯಾರ.”

“ನಾ ನೋಡಿಲ್ಲಲ್ಲ.”

ಜೀಪು ನಿಂತಿತು. ಪ್ರಮಿಳಾ ಇಳಿಯಲಿಲ್ಲ, ಆ ಕಡೆ ತಿರುಗಿಯೂ ನೋಡಲಿಲ್ಲ. ಗುರುಪುತ್ರಪ್ಪ ಒಬ್ಬರೇ ಮೊಣಕಾಲು ಹಿಡಿದುಕೊಂಡು ನಡೆದರು.

ಭಟ್ಟಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಣ್ಣು ತೆಗೆದು ತೆಗೆದು ಮನೆ ಮುಳುಗುವಷ್ಟು ಆಳವಾದ ಗುಂಡಿಯಲ್ಲಿ ಹಳೆಯ ಮಳೆನೀರು ಹಸಿರುಗಟ್ಟಿ ನಿಂತಿತ್ತು. ಒಂದು ದಂಡೆಯಲ್ಲಿ ಗುದ್ದಲಿಯಿಂದ ಅಗೆದ ಗುರುತು ಇನ್ನೂ ಮಾಸಿರಲಿಲ್ಲ. ಅವರು ಕರವಸ್ತ್ರ ಬಿಚ್ಚಿ, ಅಲ್ಲಿಯ ಒಂದು ಹಿಡಿ ಮಣ್ಣನ್ನು ಪಕ್ಕದಲ್ಲಿ ಹಿಡಿದು ನೋಡಿದರು. ಅದೇ ಬಣ್ಣ. ಅದೇ ಸುಟ್ಟ ಚೂರುಗಳು.

ಇನ್ನೊಂದು ವಿಷಯ ಅವರ ಕಣ್ಣಿಗೆ ಬಿತ್ತು. ದಂಡೆಯೆಲ್ಲ ಜಿಗುಟು ಮಣ್ಣು. ಕಲ್ಮೇಶನ ತಲೆಯ ಹಿಂದಿನ ಗಾಯ ಬೀಳುವಾಗ ಕಲ್ಲು ಬಡಿದು ಆದದ್ದು ಎಂದು ಪೊಲೀಸರು ತೀರ್ಮಾನಿಸಿದ್ದರು. ಬಡಿಯಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ.

ಅವರು ಜೀಪಿಗೆ ವಾಪಸು ಬಂದರು.

“ತಂಗಿ, ಒಂದು ಮಾತು ಹೇಳ್ತೀನಿ, ಮನಸ ಗಟ್ಟಿ ಮಾಡ್ಕೋ. ಕಾರ್ಖಾನ್ಯಾಗಿನ ಚೀಲದಾಗ ಇರೂದು ಗುಡ್ಡದ ಮಣ್ಣಲ್ಲ. ಈ ಗುಂಡಿದು. ಊರ ಉಳಸಾಕ ನಿನ್ನ ಗಂಡ ಇಲ್ಲಿ ಮಣ್ಣು ತುಂಬಾಕ ಬಂದಿರಬೇಕು.”

“ಅವರು ಹಂಗ ಮಾಡೂ ಮನಶಾ ಅಲ್ರಿ.”

ಅಷ್ಟೇ ಹೇಳಿದಳು. ಪೊಲೀಸ್ ನೌಕರಿಯ ಉದ್ದಕ್ಕೂ ಗಂಡ ಕಳೆದುಕೊಂಡ ಎಷ್ಟೋ ಹೆಂಗಸರ ಬಾಯಲ್ಲಿ ಗುರುಪುತ್ರಪ್ಪ ಕೇಳಿದ್ದ ಮಾತು ಅದು. ಅವರು ಮುಂದಿನ ಸೀಟಿಗೆ ಹತ್ತಿ ಕೂತರು.

ಬೀರೇಶ ಗಾಜು ಒರೆಸುತ್ತಿದ್ದ ಅರಿವೆ ಮಡಚಿದ. “ಊರ ಸಲುವಾಗಿ ಮಾಡಿದ್ರ ತಪ್ಪೇನೈತ್ರಿ ಸಾಹೇಬ್ರ? ಅಣ್ಣಗ ಹೆಸರು ಕೆಡೂ ಮಾತೇನಲ್ಲ.”

ಹಿಂದಿನ ಸೀಟಿನಲ್ಲಿ ಪ್ರಮಿಳಾ ಸೆರಗು ಬಾಯಿಗೆ ಒತ್ತಿಕೊಂಡದ್ದು ಕನ್ನಡಿಯಲ್ಲಿ ಕಂಡಿತು.

ಕರೆಪ್ಪನ ದಡ್ಡಿ ಗುಡ್ಡದ ಬುಡದಲ್ಲಿದೆ. ಒಂದು ಕಾಲಕ್ಕೆ ಕುರಿ ನಿಲ್ಲಿಸುವ ಜಾಗ, ಈಗ ಹೆಂಚಿನ ಮನೆಗಳ ಸಣ್ಣ ಓಣಿ. ಗುಡ್ಡದ ತುಂಬ ಗೋಡಂಬಿ ಗಿಡಗಳು ಹೂ ಬಿಟ್ಟಿದ್ದವು. ಕಲ್ಮೇಶನ ತಂದೆ ನಾಗಲಿಂಗ ಮೇಲೆ ತೋಟದಲ್ಲಿದ್ದಾನೆಂದು ಯಾರೋ ಹೇಳಿದರು. ಪ್ರಮಿಳಾ ಜೀಪಿನಲ್ಲೇ ಉಳಿದಳು. ಗುರುಪುತ್ರಪ್ಪ ಗುಡ್ಡ ಹತ್ತಿದರು.

ನಾಗಲಿಂಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗಿಡದ ಕೆಳಗೆ ಕೂತಿದ್ದ. ಎದುರಿಗೆ ಗುದ್ದಲಿ ಬಿದ್ದಿತ್ತು, ಕೆಲಸ ನಡೆದಿರಲಿಲ್ಲ.

“ಬರ್ರಿ, ಕುಂದರ್ರಿ ಸಾಹೇಬ್ರ. ನೀರ ತರಿಸಲೇನ್ರಿ?”

“ಆಮ್ಯಾಲೆ ಆತು.” ಗುರುಪುತ್ರಪ್ಪ ಗುದ್ದಲಿ ಎತ್ತಿಕೊಂಡರು. ಗಿಡದಿಂದ ಮಾರು ದೂರ ಸರಿದು ಅಗೆಯತೊಡಗಿದರು. ಮೇಲೆ ತೆಳುವಾಗಿ ಕೆಂಪು ಪದರ. ಅದರ ಕೆಳಗೆ ಕರಿ. ಹಿಡಿಯಲ್ಲಿ ಹಿಸುಕಿದರೆ ಮೆತ್ತಗೆ ಉಂಡೆ ಕಟ್ಟುವ, ಎಲೆ ಕೊಳೆತ ವಾಸನೆಯ ಮಣ್ಣು. ಅದರೊಳಗೆ ಇದ್ದಿಲ ತುಂಡುಗಳು. ಇನ್ನೊಂದು ಏಟಿಗೆ ಗುದ್ದಲಿ ಠಕ್ಕನೆ ನಿಂತಿತು. ಅರ್ಧ ಸುಟ್ಟ ಬೊಡ್ಡೆ. ಇಬ್ಬರು ತಬ್ಬಿದರೂ ಸಾಲದಂಥ ಮರದ ಬುಡ.

“ಇದು ಯಾವ ಬೋಳು ಗುಡ್ಡ, ನಾಗಲಿಂಗಣ್ಣ?”

ಮುದುಕ ಆ ಬುಡವನ್ನೇ ನೋಡುತ್ತ ಕೂತ.

“ಮತ್ತಿ ಗಿಡ ಅದು,” ಎಂದ. “ಅದರ ನೆಳ್ಳಾಗ ನಮ್ಮ ಕುರಿ ಎಲ್ಲಾ ಹಿಡೀತಿದ್ದವು.”

“ಯಾರು ಕಡದ್ರು?”

“ನಾವ. ದಡ್ಡಿಯವ್ರು ಎಲ್ಲಾರೂ. ಮೊದಲನೇ ಕೊಡ್ಲಿ ಏಟು ನಂದು.” ಅವನ ದನಿಯಲ್ಲಿ ಬಚ್ಚಿಡುವ ಆಸೆ ಇರಲಿಲ್ಲ. “ಕಲ್ಮೇಶ ಆವಾಗ ಸಣ್ಣಾಂವ, ಬೆಳಗಾವ್ಯಾಗ ಇದ್ದು ಸಾಲಿ ಕಲೀತಿದ್ದ, ಅಡವಿ ಅವಗ ನೆನಪಿದ್ದಿಲ್ಲ. ಅಡವ್ಯಾಗ ಕುರಿ ಬಿಡಬ್ಯಾಡ್ರಿ ಅಂತ ಗಾರ್ಡಗೋಳು ಕಾಡ್ತಿದ್ರು. ಕುರಿ ಮಾರಿದ್ವಿ. ಗೋಡಂಬಿ ಹಚ್ರಿ, ಸಸಿ ಪುಕ್ಕಟೆ ಕೊಡ್ತೀವಿ ಅಂತ ಕಾರ್ಖಾನಿಯವ್ರು ಬಂದ್ರು. ಹೋಳಿ ಹುಣ್ಣಿವಿಗೆ ಬೆಂಕಿ ಹಚ್ಚಿದ್ದು, ಯುಗಾದಿ ತನಕ ಹೊಗಿ ಆಡ್ತಿತ್ತು. ಮತ್ತಿ, ಹೊನ್ನಿ, ನಂದಿ ಗಿಡ ಎಲ್ಲಾ ಸುಟ್ವು. ಆ ಹೊಗಿ ಎಲ್ಲಿ ಹೋತು ಅಂತ ಯಾರು ವಿಚಾರ ಮಾಡಿದ್ರಿ? ಮ್ಯಾಲೆ ಹೋತು, ಮುಗೀತು ಅಂದ್ಕೊಂಡ್ವಿ.”

“ಆ ಹೊಗಿ ಲೆಕ್ಕಾ ಕೇಳಾಕ ನಿಮ್ಮ ಮಗನ ಬಂದ.”

“ಬಂದ.” ನಾಗಲಿಂಗ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. “ಟೇಪ್ ಹಿಡಕೊಂಡು ಗಿಡದ ಸುತ್ತ ಅಳದ. ಕಬ್ಬಿಣದ ಕೊಳವಿ ಹೆಟ್ಟಿ ಮಣ್ಣ ತಗದ. ತಗದದ್ದು ನೋಡಿ ಅಲ್ಲೇ ಕುಂತಬಿಟ್ಟ. ಅಪ್ಪಾ, ಬೋಳು ಗುಡ್ಡ ಅಂದಿದ್ಯಲ್ಲ ಅಂದ.”

“ನೀವೇನಂದ್ರಿ?”

“ಏನ ಅನ್ಲಿ? ಖರೇ ಬರದ್ರ ಹಾಲೆಂಡಿನವ್ರು ಕೊಳ್ಳೂದು ಬಿಡ್ತಾರ, ದಡ್ಡಿ ಒಲಿ ಆರ್ತಾವ ಅಂತ ಎಲ್ಲಾರೂ ನನ್ನ ಮುಂದ ಬಂದು ಅತ್ತರು. ನಾ ಹೋಗಿ ಮಗನ ಕಾಲಿಗೆ ಬಿದ್ದೆ.”

ಗಾಳಿಗೆ ಗೋಡಂಬಿ ಹೂ ಉದುರಿ ಕಂಬಳಿಯ ಮೇಲೆ ಬಿದ್ದವು. ಮುದುಕ ಅವನ್ನು ಕೊಡವಲಿಲ್ಲ.

“ಹೆತ್ತಪ್ಪ ಕಾಲಿಗೆ ಬಿದ್ರ ಯಾವ ಮಗ ಇಲ್ಲ ಅಂದಾನ್ರಿ? ಕೆಂಪು ಮಣ್ಣು ತುಂಬಾಕ ಒಪ್ಪಿದ. ಆ ಗುಂಡಿಗೆ ಹೋದ. ಜಾರಿದ. ಅಂವ ಈಜು ಕಲತಿದ್ದಿಲ್ಲ. ಗುಡ್ಡದಾಗ ನೀರೆಲ್ಲಿ ಐತಿ ಕಲಸಾಕ? ನಾನ ಕೊಂದೆ ಸಾಹೇಬ್ರ. ಹಿಂಡಲಗಾ ಜೇಲಿಗೆ ಹಾಕಸ್ರಿ ನನ್ನ. ಮನ್ಯಾಗಿಂತ ಅಲ್ಲಿ ನಿದ್ದಿ ಬಂದೀತು.”

ಗುರುಪುತ್ರಪ್ಪ ಗುದ್ದಲಿ ಕೆಳಗಿಟ್ಟರು. ಎಲ್ಲವೂ ಸರಿಹೊಂದುತ್ತಿತ್ತು. ತಲೆಯ ಗಾಯ ಒಂದನ್ನು ಬಿಟ್ಟು. ಕಿಸೆಯಲ್ಲಿ ಇಲ್ಲದ ಕೀಲಿ ಒಂದನ್ನು ಬಿಟ್ಟು.

“ಸುಳ್ಳ ಮಾಂವ.”

ಇಬ್ಬರೂ ತಿರುಗಿದರು. ಪ್ರಮಿಳಾ ಏದುಸಿರು ಬಿಡುತ್ತ ಗಿಡದ ಕೊಂಬೆ ಹಿಡಿದು ನಿಂತಿದ್ದಳು. ಯಾವಾಗ ಹತ್ತಿ ಬಂದಳೋ.

“ನೀವು ಕಾಲಿಗೆ ಬಿದ್ದದ್ದು ಖರೇ. ಅವರು ಒಪ್ಪಿದ್ದು ಸುಳ್ಳ. ಮನಿಗೆ ಬಂದು ರಾತ್ರಿ ಊಟಾ ಮಾಡಲಿಲ್ಲ ಅವರು. ಅಪ್ಪನ ತಲಿ ನನ್ನ ಕಾಲ ಮ್ಯಾಲೆ ಇತ್ತು ಪ್ರಮಿಳಾ, ಹಂಗಾದ್ರೂ ನಾ ಹ್ಞೂಂ ಅನ್ನಲಿಲ್ಲ ಅಂತ ಅತ್ತರು.”

ನಾಗಲಿಂಗ ಎರಡೂ ಕೈ ನೆಲಕ್ಕೆ ಊರಿದ.

“ಮರದಿನ ಮುಂಜಾನೆ ಗುಡ್ಡದ ಕರೀ ಮಣ್ಣಿನ ಚೀಲ ನನ್ನ ಕೈಯಾಗ ಕೊಟ್ರು. ನಾನ ಪುಣೆಕ್ಕ ಒಯ್ದು ಕೊಡ್ತೀನಿ, ಅಲ್ಲೀತನಕ ಇಟ್ಟಿರು ಅಂದ್ರು. ನಾ ಜಗಳಾ ತಗದೆ. ಊರು ಹಾಳಾದ್ರೂ ಚಿಂತಿಲ್ಲೇನು ಅಂದೆ. ಅದಕ್ಕವರು ಅಂದ್ರು, ಇವತ್ತ ಖರೇ ಬರದ್ರ ಮುಂದಿನ ವರ್ಷದಿಂದ ಗೋಡಂಬಿ ನಡುವ ಮತ್ತಿ ಹೊನ್ನಿ ಹಚ್ಚಿ ಹೊಗಿ ಲೆಕ್ಕಾ ಕಡಿಮಿ ಮಾಡಿ ತೋರಸಬಹುದು, ಹಾಲೆಂಡಿನವ್ರನ್ನ ಒಪ್ಪಸ್ತೀನಿ. ಇವತ್ತ ಸೊನ್ನಿ ಬರದ್ರ ನಾಳೆ ಕಡಿಮಿ ಮಾಡಾಕ ಏನ ಉಳೀತೈತಿ ಅಂತ.” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಾ ಮಾತಾಡಲಿಲ್ಲ. ಚಾ ಸುದ್ಧಾ ಕೊಡಲಿಲ್ಲ. ಹಂಗ ಹೋದ್ರು.”

“ಆ ಚೀಲ ಈಗೆಲ್ಲಿದಾವ ತಂಗಿ?” ಗುರುಪುತ್ರಪ್ಪನವರ ದನಿ ತಗ್ಗಿತ್ತು.

“ಖಾಸಬಾಗದ ಮನ್ಯಾಗ, ಅಕ್ಕಿ ಡಬ್ಬಿ ಹಿಂದ. ಅವರ ಕೈ ಮುಟ್ಟಿದ್ದು ಅದೊಂದ ಉಳದಿತ್ರಿ. ಹೊರಗ ಹಾಕಿದ್ರ ಮಾಂವನ ಮಾನಾ ಹೋಗ್ತೈತಿ, ದಡ್ಡಿ ಹಾಳಾಗ್ತೈತಿ ಅಂತ ಹೆದರಿದೆ. ಇವತ್ತ ನೀವು ಅವರನ್ನ ಸುಳ್ಳಗಾರ ಅಂದ ಮ್ಯಾಲೆ ನನಗ ತಡಕೊಳ್ಳಾಕ ಆಗಲಿಲ್ಲ.”

ಗುಂಡಿಯ ಬಳಿ ತಾವು ಆಡಿದ ಮಾತು ಗುರುಪುತ್ರಪ್ಪನವರಿಗೆ ಈಗ ಕಹಿಯಾಯಿತು. ಸತ್ತವನ ಮೇಲೆ ಎಷ್ಟು ಸಲೀಸಾಗಿ ತಪ್ಪು ಹೊರಿಸಿದ್ದರು. ಅವನ ಹೆಂಡತಿಯ ಎದುರಿಗೇ.

ಹಾಗಾದರೆ ಗುಂಡಿಯ ಮಣ್ಣು ತುಂಬಿದವನು ಬೇರೆ. ಕಲ್ಮೇಶ ಅಲ್ಲಿಗೆ ಹೋದದ್ದು ತುಂಬಲು ಅಲ್ಲ, ತಡೆಯಲು.

ಅವರು ಮುದುಕನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. “ನಾಗಲಿಂಗಣ್ಣ, ನೆನಪ ಮಾಡ್ಕೊಂಡು ಹೇಳ್ರಿ. ಮಗ ಒಪ್ಪಿದ ಅಂತ ನಿಮಗ ಯಾರು ಹೇಳಿದ್ರು? ಅವನ ಬಾಯಿಂದ ನೀವು ಕೇಳಿದ್ರೇನು?”

“ಇಲ್ರಿ.” ನಾಗಲಿಂಗ ಸೊಸೆಯ ಮುಖ ನೋಡಿದ, ಮತ್ತೆ ಇವರ ಮುಖ ನೋಡಿದ. “ನಾ ಕಾಲಿಗೆ ಬಿದ್ದ ಮರದಿನ ಸಂಜಿಗೆ ಬೀರೇಶ ಬಂದು ಹೇಳಿದ. ಅಪ್ಪಾ, ಅಣ್ಣ ಒಪ್ಪ್ಯಾನ, ಭಟ್ಟಿ ಗುಂಡಿ ಮಣ್ಣು ತುಂಬಾಕ ಹೋಗ್ಯಾನ, ನೀ ನಿಶ್ಚಿಂತಿ ಇರು ಅಂದ.”

ಪ್ರಮಿಳಾ ಕೊಂಬೆ ಬಿಟ್ಟಳು.

“ಅವನ ಅಂಗಿ ಒದ್ದಿ ಇತ್ತು,” ಎಂದ ಮುದುಕ, ತನಗೆ ತಾನೇ ಹೇಳಿಕೊಳ್ಳುವಂತೆ. “ಮಳಿ ಇಲ್ಲ, ಹಳ್ಳ ಇಲ್ಲ. ಕಟಕಟ ನಡಗತಿದ್ದ. ನಾ ಯಾಕ ಕೇಳಲಿಲ್ಲ? ಖುಷ್ಯಾಗಿದ್ನಲ್ರಿ ನಾ. ಮಗ ನನ್ನ ಮಾತ ಕೇಳಿದ ಅಂತ ಖುಷ್ಯಾಗಿದ್ದೆ.”

ಗುರುಪುತ್ರಪ್ಪ ಎದ್ದು ನಿಂತರು. ದೂಡಿದವನ ಅಂಗಿ ಒದ್ದೆಯಾಗುವುದಿಲ್ಲ. ಬಿದ್ದವನನ್ನು ಎತ್ತಲು ನೀರಿಗಿಳಿದವನದು ಆಗುತ್ತದೆ. ಇಲ್ಲವೇ, ಹೆಣದ ಕಿಸೆಯಿಂದ ಕೀಲಿ ತೆಗೆಯಲು ಇಳಿದವನದು.

ಎರಡರಲ್ಲಿ ಯಾವುದು?

“ತಂಗಿ, ಕರೀ ಮಣ್ಣಿನ ಚೀಲ ಮನ್ಯಾಗ ಅದಾವ ಅಂತ ಬೀರೇಶಗ ಗೊತ್ತೈತಿ?”

“ಇವತ್ತಿನ ತನಕ ಗೊತ್ತಿದ್ದಿಲ್ರಿ.” ಅವಳು ಕೆಳಗೆ ಜೀಪಿನ ಕಡೆ ತಿರುಗಿದಳು. “ನೀವು ಗುಡ್ಡ ಹತ್ತಿದ ಮ್ಯಾಲೆ ನಾನ ಹೇಳಿದೆ. ನಿಮ್ಮಣ್ಣ ಸುಳ್ಳ ಮಾಡಿಲ್ಲಪಾ ಅಂತ. ಅಂವಾ ಸುಮ್ಮ ಕುಂತ. ಆಮ್ಯಾಲೆ, ಹೋಗ್ರಿ ವೈನಿ, ಸಾಹೇಬ್ರಿಗೂ ಅಪ್ಪಗೂ ಹೇಳಿ ಬರ್ರಿ, ನಾ ಇಲ್ಲೇ ಇರ್ತೀನಿ ಅಂದ.”

ಗುಡ್ಡದ ಬುಡದಲ್ಲಿ ಜೀಪು ಗುರ್ರೆಂದು ಶುರುವಾಯಿತು.

ಗುರುಪುತ್ರಪ್ಪ ಗಿಡಗಳ ಸಂದಿನಲ್ಲಿ ಕೆಳಗೆ ಓಡಿದರು. ಅವರ ಮೊಣಕಾಲು ಆ ಇಳಿಜಾರನ್ನು ತಡೆಯಲಿಲ್ಲ. ಅರ್ಧ ದಾರಿಯಲ್ಲಿ ಒಂದು ಗಿಡ ತಬ್ಬಿ ನಿಂತರು. ಕೆಂಪು ಧೂಳೆಬ್ಬಿಸಿಕೊಂಡು ಜೀಪು ಓಣಿ ದಾಟಿತು, ಡಾಂಬರು ರಸ್ತೆ ಮುಟ್ಟಿತು, ಬೆಳಗಾವಿಯ ಕಡೆ ತಿರುಗಿತು. ದಡ್ಡಿಯಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ, ಫೋನು ಮಾಡಬೇಕಾದರೆ ಖಾನಾಪುರಕ್ಕೆ ನಡೆಯಬೇಕು. ಖಾಸಬಾಗದ ಆ ಬಾಡಿಗೆ ಮನೆಯಲ್ಲಂತೂ ಫೋನೇ ಇರಲಿಲ್ಲ.

ಪ್ರಮಿಳಾ ಬಂದು ಅವರ ಹಿಂದೆ ನಿಂತಳು.

“ಮನ್ಯಾಗ ಯಾರದಾರ?”

“ಅತ್ತಿ ಒಬ್ರ ಅದಾರ್ರಿ. ಇವರು ಹೋದಾಗಿಂದ ನನ್ನ ಜೋಡಿ ಅದಾರ.”

“ಮನಿ ಬಾಗಲಾ ಹಾಕ್ಕೊಂಡಾರೇನು? ಚೀಲ ಎಲ್ಲಿದಾವ ಅಂತ ಅವ್ರಿಗೆ ಗೊತ್ತೈತಿ?”

ಮೇಲೆ ಗಿಡದ ಕೆಳಗೆ ನಾಗಲಿಂಗ ಕೂಗಿ ಅಳುತ್ತಿದ್ದುದು ಇಲ್ಲಿಗೂ ಕೇಳುತ್ತಿತ್ತು. ಯಾವ ಮಗನಿಗಾಗಿ ಎಂದು ತಿಳಿಯುವಂತಿರಲಿಲ್ಲ.

“ಗೊತ್ತೈತ್ರಿ,” ಎಂದಳು ಪ್ರಮಿಳಾ. “ಬೀರೇಶ ಕೇಳಿದ್ರ ತಾವ ತಗದು ಕೊಡ್ತಾರ. ಉಳದ ಮಗ ಅಂವೊಬ್ಬನ ಅಲ್ರಿ.”